ರಕ್ತನಾಳದ ಒಳಪೊರೆ

ಹಳೆಯ ನಲ್ಲಿಯ ಕೊಳವೆಯಲ್ಲಿ ತುಕ್ಕು ಕಟ್ಟಿ ನೀರು ಸಣ್ಣಗಾಗುವುದನ್ನು ಕಂಡವರು ಹೃದ್ರೋಗವನ್ನೂ ಹಾಗೆಯೇ ಊಹಿಸಿಕೊಳ್ಳುವುದುಂಟು. ಆದರೆ ಈ ಹೋಲಿಕೆ ಅರ್ಧಸತ್ಯ ಮಾತ್ರ. ಕೊಳವೆ ಜಡವಸ್ತು, ರಕ್ತನಾಳವಾದರೋ ಸಜೀವವಾದುದು.

ನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪೊರೆಯೊಂದಿದೆ. ವೈದ್ಯರು ಅದನ್ನು ‘ಎಂಡೋಥೀಲಿಯಮ್’ ಎನ್ನುತ್ತಾರೆ. ಗೋಡೆಗೆ ಬಳಿದ ಸುಣ್ಣದಂತೆ ಅದು ಬರಿಯ ಲೇಪವೆಂದೇ ಬಹುಕಾಲ ಭಾವಿಸಲಾಗಿತ್ತು. ಆ ಭಾವನೆಯನ್ನು ಅಲುಗಿಸಿದವರು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್. ಅವರು ಮೊಲದ ಮಹಾಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಸೋಕಿಸಿದಾಗ, ಪೊರೆಯಿದ್ದ ತುಂಡು ಸಡಿಲಗೊಂಡಿತು. ಪೊರೆ ಉಜ್ಜಿಹೋಗಿದ್ದ ತುಂಡು ಸಡಿಲಗೊಳ್ಳಲಿಲ್ಲ. ಪೊರೆಯೇ ನಾಳದ ಸ್ನಾಯುವಿಗೆ ಸಂದೇಶ ಕಳುಹಿಸುತ್ತದೆಂಬ ಈ ಸಂಗತಿ 1980ರಲ್ಲಿ ಪ್ರಕಟವಾಯಿತು. ಆ ಸಂದೇಶವನ್ನು ಒಯ್ಯುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಅನಂತರ ತಿಳಿದುಬಂದಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು. ಎದೆನೋವು ಬಂದಾಗ ನಾಲಗೆಯಡಿ ಇಡುವ ನೈಟ್ರೋಗ್ಲಿಸರಿನ್ ಗುಳಿಗೆ ಒದಗಿಸುವುದೂ ಇದೇ ಅನಿಲವನ್ನು. ಆಲ್‌ಫ್ರೆಡ್ ನೊಬೆಲ್ ಡೈನಮೈಟ್ ತಯಾರಿಸಿದ್ದೂ ಅದೇ ನೈಟ್ರೋಗ್ಲಿಸರಿನ್‌ನಿಂದಲೇ ಎಂಬುದು ವಿಧಿಯ ವಿನೋದ!

ಆರೋಗ್ಯವಂತ ಪೊರೆಯು ನಾಳವನ್ನು ಸಡಿಲವಾಗಿರಿಸುತ್ತದೆ. ರಕ್ತ ಅಕಾರಣವಾಗಿ ಹೆಪ್ಪುಗಟ್ಟದಂತೆ ಕಾಯುತ್ತದೆ. ತಂಬಾಕಿನ ಹೊಗೆ, ರಕ್ತದ ಏರೊತ್ತಡ, ಸಕ್ಕರೆ ಕಾಯಿಲೆ, ಹೆಚ್ಚಿದ ಕೊಲೆಸ್ಟರಾಲ್ ಇವು ಅದನ್ನು ಘಾಸಿಗೊಳಿಸುತ್ತವೆ. ಆಗ ಕೊಬ್ಬು ನಾಳದ ಗೋಡೆಯೊಳಗೆ ನುಸುಳಿ ನೆಲೆಸುತ್ತದೆ. ಅದನ್ನು ನುಂಗಲು ಬಂದ ಬಿಳಿಯ ರಕ್ತಕಣಗಳೂ ಅಲ್ಲಿಯೇ ಸಿಕ್ಕಿಬೀಳುತ್ತವೆ. ಹೀಗೆ ಬೆಳೆದ ಗಡ್ಡೆ ಒಂದು ದಿನ ಬಿರಿದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನಾಳವನ್ನು ಅಷ್ಟಾಗಿ ಕಿರಿದುಗೊಳಿಸದ ಗಡ್ಡೆಯೂ ಬಿರಿಯಬಹುದು. ಆದ್ದರಿಂದಲೇ ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವರು ಇಂದು ಹಠಾತ್ತನೆ ಕುಸಿಯುವುದು.

ಪೊರೆಗೆ ಘಾಸಿಯಾದಾಗ ನೋವಾಗದು. ‘ನನಗೇನಾಗಿದೆ?’ ಎಂದು ಮನೆಯ ಹಿರಿಯರು ನಕ್ಕು ತಳ್ಳಿಹಾಕುವ ವರ್ಷಗಳಲ್ಲಿಯೇ ಈ ಕೆಡುಕು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಆದರೆ ನಿರಾಶೆಗೆ ಕಾರಣವಿಲ್ಲ. ಪೊರೆಯು ಸಜೀವವಾದುದರಿಂದ ಚೇತರಿಸಿಕೊಳ್ಳಲೂ ಬಲ್ಲದು. ಧೂಮಪಾನ ಬಿಟ್ಟರೆ ಅದರ ಕಾರ್ಯಶಕ್ತಿ ಸುಧಾರಿಸುತ್ತದೆ. ನಿತ್ಯವೂ ಬಿರುಸಾಗಿ ನಡೆದಾಗ ರಕ್ತದ ಹರಿವೇ ಅದನ್ನು ಪ್ರಚೋದಿಸಿ ನೈಟ್ರಿಕ್ ಆಕ್ಸೈಡ್ ಉತ್ಪಾದಿಸುವಂತೆ ಮಾಡುತ್ತದೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವುಗಳನ್ನು ಆಗಾಗ ಪರೀಕ್ಷಿಸಿಕೊಳ್ಳಿರಿ. ವೈದ್ಯರು ಕೊಟ್ಟ ಔಷಧವನ್ನು, ಗುಣವಾಯಿತೆಂದು ಭಾವಿಸಿ ತಾವಾಗಿಯೇ ನಿಲ್ಲಿಸದಿರಿ. ನೋವು ಬರುವವರೆಗೆ ಕಾಯುವುದು ಜಾಣತನವಲ್ಲ. ಎದೆ ಹಿಂಡಿದಂತಾಗಿ ಬೆವರಿಳಿದರಂತೂ ಅದು ಅಜೀರ್ಣವೇ ಎಂದು ಚರ್ಚಿಸುತ್ತ ಕೂರಬೇಡಿರಿ. ಒಡನೆಯೇ ಆಸ್ಪತ್ರೆಗೆ ಹೊರಡಿರಿ.