ತೀರಿಕೊಂಡ ತಂದೆಯ ಖಾತೆ: ವಕೀಲರು ಬೇಡ, ಮಗಳ ಹೆಸರು ಬೇಕು

ಚನ್ನಪಟ್ಟಣದಲ್ಲಿ ಗೊಂಬೆ ಮಾಡಿ ಬದುಕಿದವರಿರಲಿ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆದವರಿರಲಿ, ನಮ್ಮ ಕರಾವಳಿಯಿಂದ ಹೋಗಿ ಮಾಗಡಿ, ಕನಕಪುರದಲ್ಲಿ ಅಂಗಡಿ ಇಟ್ಟವರಿರಲಿ, ಹೆಚ್ಚಿನವರು ತೀರಿಕೊಂಡಾಗ ಬಿಟ್ಟುಹೋಗುವುದು ದೊಡ್ಡ ಆಸ್ತಿಯೇನಲ್ಲ. ಒಂದು ಪಾಸ್‌ಬುಕ್, ಅದರಲ್ಲಿ ಇಪ್ಪತ್ತೋ ಐವತ್ತೋ ಸಾವಿರ. ಮಕ್ಕಳು ಬ್ಯಾಂಕಿಗೆ ಹೋದರೆ ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ’ ಅಂತ ಹೇಳಿ ಕಳಿಸುವುದುಂಟು. ವಕೀಲರ ಫೀಸು, ಕೋರ್ಟಿನ ಓಡಾಟ ಲೆಕ್ಕ ಹಾಕಿದರೆ ಖಾತೆಯಲ್ಲಿರುವ ಹಣವೇ ಸಾಲದು. ಎಷ್ಟೋ ಮನೆಯವರು ಅಲ್ಲಿಗೇ ಕೈಬಿಡುತ್ತಾರೆ.

ಕೈಬಿಡಬೇಕಾಗಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 26ರಂದು ಈ ಬಗ್ಗೆ ಎಲ್ಲ ಬ್ಯಾಂಕುಗಳಿಗೂ ಹೊಸ ನಿರ್ದೇಶನ ಕೊಟ್ಟಿದೆ. ಜಾರಿಗೆ ತರಲು ಕೊಟ್ಟ ಗಡುವು 2026ರ ಮಾರ್ಚ್ 31. ಖಾತೆಗೆ ನಾಮಿನಿ ಇದ್ದರೆ ಹಣ ಎಷ್ಟೇ ಇರಲಿ, ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ ಇಷ್ಟೇ ಸಾಕು. ನಾಮಿನಿ ಇಲ್ಲದಿದ್ದರೂ 15 ಲಕ್ಷ ರೂಪಾಯಿವರೆಗೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ಕೋರ್ಟ್ ಕಾಗದವಿಲ್ಲದೆ ಕೊಡಬೇಕು. ಹೊರಗಿನವರ ಜಾಮೀನನ್ನೂ ಕೇಳುವಂತಿಲ್ಲ. ಎಲ್ಲ ದಾಖಲೆ ಕೈಸೇರಿದ 15 ದಿನಗಳೊಳಗೆ ಇತ್ಯರ್ಥವಾಗಬೇಕು. ಬ್ಯಾಂಕಿನಿಂದಲೇ ತಡವಾದರೆ ಬ್ಯಾಂಕ್ ದರದ ಮೇಲೆ ಶೇ. 4 ಸೇರಿಸಿ ಪರಿಹಾರ ಕೊಡಬೇಕು.

ನಾಮಿನಿ ಇಲ್ಲದ ಖಾತೆಗೆ ಬೇಕಾಗುವುದು ಅರ್ಜಿ, ಮರಣ ಪ್ರಮಾಣಪತ್ರ, ಹಕ್ಕು ಕೇಳುವವರ ಗುರುತಿನ ದಾಖಲೆ, ಇಂಡೆಮ್ನಿಟಿ ಬಾಂಡ್, ಮತ್ತೆ ವಾರಸುದಾರರು ಯಾರೆಂಬುದಕ್ಕೆ ಒಂದು ಆಧಾರ. ಈ ಕೊನೆಯದ್ದಕ್ಕೆ ಸಕ್ಷಮ ಅಧಿಕಾರಿ ಕೊಟ್ಟ ವಾರಸುದಾರರ ಪ್ರಮಾಣಪತ್ರ ಆಗುತ್ತದೆ. ಇಲ್ಲವೇ ಕುಟುಂಬವನ್ನು ಚೆನ್ನಾಗಿ ಬಲ್ಲ, ಬ್ಯಾಂಕು ಒಪ್ಪುವ ಹೊರಗಿನ ಒಬ್ಬರು ಬರೆದುಕೊಟ್ಟರೂ ನಡೆಯುತ್ತದೆ. ಬ್ಯಾಂಕು ಒಪ್ಪಿದರೆ ಜಮಾಅತಿನ ಅಧ್ಯಕ್ಷರೋ ಖತೀಬರೋ ಆ ಕೆಲಸ ಮಾಡಬಹುದು.

ನನಗೆ ಚಿಂತೆ ಇರುವುದು ಇಲ್ಲೇ. ಪಟ್ಟಿ ಬರೆಯುವಾಗ ‘ಅವಳು ಮದುವೆಯಾಗಿ ಹೋಗಿದ್ದಾಳಲ್ಲ’ ಅಂತ ಮಗಳ ಹೆಸರು ಬಿಟ್ಟುಬಿಡುವವರಿದ್ದಾರೆ. ಅದು ಬ್ಯಾಂಕಿಗೆ ಹೇಳಿದ ಸುಳ್ಳು. ದೀನಿನ ಲೆಕ್ಕದಲ್ಲಿ ಇನ್ನೊಬ್ಬರ ಹಕ್ಕು ನುಂಗಿದ್ದು. ಸೂರಃ ಅನ್ನಿಸಾದಲ್ಲಿ ಹೆಣ್ಣಿಗೂ ಪಾಲು ಹೇಳುವಾಗ ಸೊತ್ತು ಕಡಿಮೆಯಿರಲಿ ಹೆಚ್ಚಿರಲಿ ಎಂದೇ ಹೇಳಿದೆ. ಐವತ್ತು ಸಾವಿರದ ಖಾತೆಗೆ ರಿಯಾಯಿತಿ ಇಲ್ಲ.

ಇನ್ನೊಂದು ಕಾಗದವೂ ಉಂಟು. ಹಕ್ಕು ಕೇಳದ ವಾರಸುದಾರರಿಂದ ಬ್ಯಾಂಕು ‘ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಪತ್ರ ತೆಗೆದುಕೊಳ್ಳುತ್ತದೆ. ಅಣ್ಣ ಕಾಗದ ಹಿಡಿದು ಬಂದು ‘ಬ್ಯಾಂಕಿನವರು ಕೇಳಿದ್ದಾರೆ, ಒಂದು ಸೈನ್ ಹಾಕು’ ಅನ್ನುತ್ತಾನೆ, ತಂಗಿ ಓದದೆ ಹಾಕುತ್ತಾಳೆ. ಹಣ ಒಬ್ಬರ ಕೈಗೆ ಕೊಡಲು ಬ್ಯಾಂಕಿಗೆ ಬೇಕಾದ ಸಹಿ ಅದು. ಮನಸಾರೆ ಬಿಟ್ಟುಕೊಡದ ಹೊರತು ಅವಳ ಶರೀಅತಿನ ಪಾಲು ಆ ಸಹಿಯಿಂದ ಹೋಗುವುದಿಲ್ಲ. ಆದರೆ ಮುಂದೆ ತಕರಾರು ಬಂದರೆ ಅದೇ ಕಾಗದ ಅವಳೆದುರು ನಿಲ್ಲಬಹುದು. ಹಾಗಾಗಿ ಎಲ್ಲ ವಾರಸುದಾರರೂ ಒಟ್ಟಿಗೆ ಅರ್ಜಿ ಹಾಕುವುದೇ ಲೇಸು, ಆಗ ಆ ಪತ್ರದ ಪ್ರಶ್ನೆಯೇ ಬರುವುದಿಲ್ಲ. ವಾರಸುದಾರರಲ್ಲಿ ವಿವಾದವಿದ್ದರೆ ಈ ಸರಳ ದಾರಿ ಮುಚ್ಚುತ್ತದೆ ಎಂಬುದನ್ನು ಅಣ್ಣಂದಿರೂ ತಿಳಿದಿರಬೇಕು.

ನಾಮಿನಿಯೂ ಯಜಮಾನನಲ್ಲ. ಬ್ಯಾಂಕ್ ಖಾತೆಯ ನಾಮಿನಿ ಹಣ ಪಡೆಯಲು ಮಾತ್ರ ಅರ್ಹ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಹೇಳಿದೆ.

ಲೆಕ್ಕ ಕಷ್ಟದ್ದಲ್ಲ. ಮೊದಲು ದಫನಿನ ಖರ್ಚು, ಸಾಲ, ವಸಿಯ್ಯತ್ ತೀರಬೇಕು. ಉಳಿದದ್ದು 40,000 ಎಂದಿಟ್ಟುಕೊಳ್ಳಿ. ತೀರಿಕೊಂಡವರ ತಂದೆ ತಾಯಿ ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಹೆಂಡತಿಗೆ ಎಂಟನೇ ಒಂದು, ಅಂದರೆ 5,000. ಉಳಿದ 35,000ದಲ್ಲಿ ಮಗಳಿಗೆ 7,000, ಗಂಡುಮಕ್ಕಳಿಗೆ ತಲಾ 14,000. ಖಾತೆಯಲ್ಲಿ ಬಡ್ಡಿ ಸೇರಿದೆ ಅಂತ ಅಸಲನ್ನೂ ಬಿಟ್ಟುಬಿಡುವ ಪಾಪದವರಿದ್ದಾರೆ. ಬಡ್ಡಿಯ ವಿಷಯ ಉಸ್ತಾದರಲ್ಲಿ ಬೇರೆಯಾಗಿ ಕೇಳಿ, ಅಸಲು ವಾರಸುದಾರರದ್ದು.

ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಸುಲಭ ಅನ್ನಿಸಬಹುದು, ಆದರೆ ಅದು ಕಾನೂನಿಗೆ ವಿರುದ್ಧ, ಕುಟುಂಬದಲ್ಲಿ ಜಗಳಕ್ಕೂ ದಾರಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ.

ಪಾಸ್‌ಬುಕ್ ಮೇಲಿನ ಬ್ಯಾಂಕೇ ಈಗ ಇಲ್ಲದಿದ್ದರೂ ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಸೇರಿದವು. ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಕೂಡ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಹೋಯಿತು. ಹತ್ತು ವರ್ಷ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ, ಆದರೂ ಹಕ್ಕು ಸಾಯುವುದಿಲ್ಲ. ಅರ್ಜಿ ಕೊಡಬೇಕಾದ್ದು ಅದೇ ಬ್ಯಾಂಕಿಗೆ. ಯಾವ ಬ್ಯಾಂಕೆಂದೇ ಗೊತ್ತಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಬಹುದು.

ಇಷ್ಟಾದರೂ ಶಾಖೆಯವರು ಕೋರ್ಟಿಗೆ ಹೋಗಿ ಎಂದರೆ, ಕೊಡದಿರುವ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ಹಿಂಬರಹ ಇಟ್ಟುಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಫೀಸು ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.