ಬರ್ಲಿನ್‌ಗೆ ಹೋದ ಮಕ್ಕಳು ಎಲ್ಲಿ ಉಣ್ಣಬೇಕು?

ಮಗನೋ ಮಗಳೋ ಓದಲೆಂದು ಜರ್ಮನಿಗೆ ಹೊರಟರೆ ತಾಯಿಯ ಮೊದಲ ಚಿಂತೆ ಕಾಲೇಜಿನದ್ದಲ್ಲ, ಊಟದ್ದು. ‘ಅಲ್ಲಿ ಹಲಾಲ್ ಸಿಗುತ್ತದೆಯೇ? ದಿನಾ ಹೊರಗೆ ತಿಂದರೆ ದುಡ್ಡು ಸಾಕಾದೀತೇ?’ ಈ ಪ್ರಶ್ನೆ ಈಗ ಎಷ್ಟೋ ಮನೆಗಳದ್ದು. 2023-24ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳೇ ಸುಮಾರು 49 ಸಾವಿರ. ಇನ್ನು ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರೂ ಇದ್ದಾರೆ. ಆದ್ದರಿಂದ ಈ ತಿಂಗಳು ಬರ್ಲಿನ್ ನಗರದ ಊಟದ ವಿಚಾರ ಮಾತನಾಡೋಣ.

ಮೊದಲು ಪೆಟ್ಟಿಗೆಯ ವಿಷಯ. ಯುರೋಪ್ ಒಕ್ಕೂಟದ ಹೊರಗಿನಿಂದ ಹೋಗುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಒಣಮಾಂಸ ಮಾತ್ರವಲ್ಲ, ಪ್ರೀತಿಯಿಂದ ಕಾಯಿಸಿ ಕೊಟ್ಟ ತುಪ್ಪವೂ ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರಬಹುದು. ಮಸಾಲೆ ಹುಡಿ ಕಟ್ಟಿಕೊಡಿ, ತುಪ್ಪ ಬೇಡ.

ಡೋನರ್ ಬಂದ ಕತೆ

1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಪೂರ್ವದ ಕಡೆಯಿಂದ ಕೆಲಸಗಾರರು ಬರುವುದು ನಿಂತಿತು. ಅದೇ ವರ್ಷ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಟರ್ಕಿಯೊಂದಿಗೆ ಕಾರ್ಮಿಕರ ಒಪ್ಪಂದ ಮಾಡಿಕೊಂಡಿತು. ಎರಡು ವರ್ಷ ದುಡಿದು ಮರಳಿ ಹೋಗುತ್ತಾರೆಂದು ಭಾವಿಸಲಾಗಿತ್ತು. ಆದರೆ ಬಂದವರಲ್ಲಿ ಅನೇಕರು ಅಲ್ಲೇ ಉಳಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಗೋಡೆಗೆ ತಾಗಿದ್ದ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಬಾಡಿಗೆ ಕಡಿಮೆ ಇದ್ದುದರಿಂದ ಅಲ್ಲೇ ನೆಲೆಸಿದರು. ಕಾರ್ಖಾನೆಗಳಲ್ಲಿ ಕೆಲಸ ಕಡಿಮೆಯಾದಾಗ ಕೆಲವರು ಸಣ್ಣ ತಿಂಡಿ ಅಂಗಡಿ ತೆರೆದರು. ತಿರುಗುವ ಕಂಬಿಯಲ್ಲಿ ಬೆಂದ ಮಾಂಸವನ್ನು ರೊಟ್ಟಿಯೊಳಗಿಟ್ಟು, ನಡೆಯುತ್ತಲೇ ತಿನ್ನುವಂತೆ ಕೊಟ್ಟರು. ಇದನ್ನು 1972ರಲ್ಲಿ ಮೊದಲು ಮಾರಿದವರು ಕಾದಿರ್ ನುರ್ಮಾನ್ ಎಂದು ಡೋನರ್ ತಯಾರಕರ ಸಂಘವೊಂದು ಗೌರವಿಸಿತ್ತು. ಬೇರೆಯವರೂ ಆ ಹಕ್ಕು ಸಾಧಿಸುತ್ತಾರೆ. ಏನೇ ಇರಲಿ, ಪರದೇಶಿಗಳ ತಿಂಡಿ ಇಂದು ಜರ್ಮನರದ್ದೇ ತಿಂಡಿಯಾಗಿದೆ.

ಕೈಯಲ್ಲಿ ಕಾಸು ಕಡಿಮೆ ಇದ್ದರೆ

ವಿದ್ಯಾರ್ಥಿ ವೀಸಾಕ್ಕೆ ಬ್ಯಾಂಕಿನಲ್ಲಿ ಮುಂಗಡವಾಗಿ ಇಡಬೇಕಾದ ಹಣದ ಲೆಕ್ಕ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ. ಇದರಲ್ಲಿ ಬಾಡಿಗೆ ಮತ್ತು ಆರೋಗ್ಯ ವಿಮೆಗೇ ದೊಡ್ಡ ಪಾಲು ಹೋಗುತ್ತದೆ. ಬರ್ಲಿನ್‌ನಲ್ಲಿ ಒಂದು ಡೋನರ್‌ಗೆ ಈಗ ಸುಮಾರು 7 ಯೂರೋ. ದಿನಕ್ಕೆ ಎರಡು ತಿಂದರೆ ತಿಂಗಳಿಗೆ 420 ಯೂರೋ! ಇದು ನಡೆಯುವ ಮಾತಲ್ಲ.

ಹಾಗಾದರೆ ದಾರಿ ಏನು? ಮೊದಲನೆಯದು ವಿಶ್ವವಿದ್ಯಾಲಯದ ಊಟದ ಮನೆ. ಅದಕ್ಕೆ ‘ಮೆನ್ಸಾ’ ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ಇಲ್ಲಿ ಬಹಳ ಕಡಿಮೆ ದರ. ಬರ್ಲಿನ್‌ನ ಮೆನ್ಸಾಗಳಲ್ಲಿ 2021ರ ಅಕ್ಟೋಬರ್‌ನಿಂದ ಹೆಚ್ಚುಕಡಿಮೆ ಎಲ್ಲವೂ ಸಸ್ಯಾಹಾರವೇ. ಪರಿಸರದ ಕಾಳಜಿಯಿಂದ ಮಾಡಿದ ಈ ಬದಲಾವಣೆ ನಮ್ಮ ಮಕ್ಕಳಿಗೆ ಅನುಕೂಲವೇ ಆಯಿತು.

ಎರಡನೆಯದು ಮೈಬಾಖುಫರ್ ಕಾಲುವೆ ದಂಡೆಯ ಟರ್ಕಿ ಸಂತೆ. ಮಂಗಳವಾರ ಮತ್ತು ಶುಕ್ರವಾರ ನಡೆಯುತ್ತದೆ. ತರಕಾರಿ, ಆಲಿವ್, ಚೀಸ್ ಜೊತೆಗೆ ಕಾವಲಿಯ ಮೇಲೆ ಬೇಯಿಸಿದ ಗೋಝ್ಲೆಮೆ ಸಿಗುತ್ತದೆ. ಪಾಲಕ್ ಅಥವಾ ಚೀಸ್ ತುಂಬಿದ ತೆಳು ರೊಟ್ಟಿ ಅದು, ನಮ್ಮ ಪರೋಟದ ತಂಗಿ ಎನ್ನಿ. ಸಂಜೆ ಸಂತೆ ಮುಗಿಯುವ ಹೊತ್ತಿಗೆ ಹಣ್ಣು ತರಕಾರಿಯ ಬೆಲೆ ಇಳಿಯುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರದೊಳಗೆ ಸಾಮಾನು ತಂದಿಡಬೇಕು.

ಮೂರನೆಯದು ಫಲಾಫೆಲ್. ಕಡಲೆಯ ವಡೆಯನ್ನು ರೊಟ್ಟಿಯೊಳಗಿಟ್ಟು ಎಳ್ಳಿನ ಸಾಸ್ ಸುರಿದು ಕೊಡುತ್ತಾರೆ. ಸಾಮಾನ್ಯವಾಗಿ ಡೋನರ್‌ಗಿಂತ ಅಗ್ಗ, ಹೊಟ್ಟೆ ತುಂಬುತ್ತದೆ, ಮಾಂಸದ ಗೊಂದಲವೂ ಇಲ್ಲ.

ನಡುವಿನ ಖರ್ಚಿನವರಿಗೆ

ನೀವು ಮಕ್ಕಳನ್ನು ನೋಡಲು ಹೋದರೆ ನಾಯ್‌ಕೋಲ್ನ್‌ನ ಸೊನೆನಲ್ಲೇ ಬೀದಿಗೆ ಖಂಡಿತ ಹೋಗಿ. ಜನ ಇದನ್ನು ಅರಬ್ ಬೀದಿ ಎಂದೇ ಕರೆಯುತ್ತಾರೆ. ಅಂತರ್ಯುದ್ಧದ ಕಾಲದಲ್ಲಿ ಲೆಬನಾನ್‌ನಿಂದ ಬಂದವರು, ಫೆಲೆಸ್ತೀನಿಯರು, 2015ರ ಆಸುಪಾಸಿನಲ್ಲಿ ಬಂದ ಸಿರಿಯನ್ನರು ಇಲ್ಲಿ ಬೇಕರಿ, ಹೋಟೆಲು ತೆರೆದಿದ್ದಾರೆ. ಹಮ್ಮುಸ್, ಸುಟ್ಟ ಕೋಳಿ, ಪಿಸ್ತಾ ತುಂಬಿದ ಮಿಠಾಯಿ ಎಲ್ಲವೂ ಇದೆ. ಮನೆ ಮಠ ಕಳೆದುಕೊಂಡು ಬಂದವರು ತಮ್ಮೂರಿನ ರುಚಿಯನ್ನು ಮಾತ್ರ ಕಳೆದುಕೊಂಡಿಲ್ಲ. ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಇದ್ದಲ ಕೆಂಡದ ಮೇಲೆ ಕಬಾಬ್ ಸುಡುವ ಟರ್ಕಿ ಹೋಟೆಲುಗಳಿವೆ. ಅಲ್ಲಿ ಕೆಂಪು ಬೇಳೆಯ ಸೂಪು ಮತ್ತು ರೊಟ್ಟಿ ತರಿಸಿದರೂ ಒಂದು ಹೊತ್ತು ಕಳೆಯುತ್ತದೆ. ಮಧ್ಯಾಹ್ನ ಅನೇಕ ಹೋಟೆಲುಗಳು ಕಡಿಮೆ ದರದ ‘ಮಿಟ್ಟಾಗ್ಸ್‌ಟಿಶ್’ ಊಟ ಕೊಡುತ್ತವೆ. ಹೊರಗಿನ ಊಟ ರಾತ್ರಿಗಿಂತ ಮಧ್ಯಾಹ್ನ ಮಾಡುವುದೇ ಲಾಭ.

ಒಂದು ದಿನ ಧಾರಾಳವಾಗಿ

ಮಗಳ ಪದವಿ ಪ್ರದಾನಕ್ಕೆಂದು ಹೋದವರಿಗೆ ಒಂದು ದಿನವಾದರೂ ಖರ್ಚು ಮಾಡುವ ಆಸೆಯಿರುತ್ತದೆ. 1969ರಲ್ಲಿ ತೆರೆದ ಟಿ.ವಿ. ಗೋಪುರದಲ್ಲಿ 207 ಮೀಟರ್ ಎತ್ತರದಲ್ಲಿ ತಿರುಗುವ ಹೋಟೆಲ್ ಇದೆ. ಕುಳಿತಲ್ಲೇ ಇಡೀ ನಗರ ಕಾಣುತ್ತದೆ. 1907ರಲ್ಲಿ ಆರಂಭವಾದ ಕಾಡೇವೇ ಮಳಿಗೆಯ ಆರನೇ ಮಹಡಿ ಪೂರ್ತಿ ತಿನಿಸುಗಳದ್ದೇ. ಇಂತಹ ಕಡೆ ಮೀನು ಅಥವಾ ತರಕಾರಿ ಆರಿಸಿಕೊಳ್ಳಿ. ಆದರೆ ಮೀನಿನ ಸಾಸ್‌ಗೂ ವೈನ್ ಹಾಕುವ ಪದ್ಧತಿ ಇರುವುದರಿಂದ ಮೊದಲೇ ಕೇಳಿ.

ಕೇಳಿಯೇ ತಿನ್ನಿ

ಡೋನರ್‌ನಲ್ಲಿ ಹಂದಿಮಾಂಸ ಇರಬಾರದೆಂಬುದು ಜರ್ಮನಿಯ ಆಹಾರ ನಿಯಮಾವಳಿಯಲ್ಲೇ ಇದೆ. ಹಂದಿ ಇಲ್ಲ ಎಂದ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲವಲ್ಲ? ಅಲ್ಲಿ ಪ್ರಾಣಿಯ ಪ್ರಜ್ಞೆ ತಪ್ಪಿಸದೆ ಕೊಯ್ಯುವುದಕ್ಕೆ ಕಾನೂನಿನ ತಡೆಯಿದೆ. 2002ರ ಜನವರಿಯಲ್ಲಿ ಸಾಂವಿಧಾನಿಕ ನ್ಯಾಯಾಲಯ ಒಬ್ಬ ಮುಸ್ಲಿಮ್ ಕಸಾಯಿಯ ಅರ್ಜಿಯ ಮೇಲೆ ತೀರ್ಪು ನೀಡಿ, ಧಾರ್ಮಿಕ ಕಾರಣಕ್ಕೆ ವಿಶೇಷ ಅನುಮತಿಯ ದಾರಿ ತೆರೆಯಿತು. ಆದರೂ ಎಲ್ಲ ಅಂಗಡಿಯ ಮಾಂಸವೂ ಒಂದೇ ಬಗೆಯದ್ದಲ್ಲ. ಬೋರ್ಡು ನೋಡಿ, ಮಾಂಸ ಎಲ್ಲಿಂದ ಬರುತ್ತದೆಂದು ವಿಚಾರಿಸಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಅನುಮಾನ ಉಳಿದರೆ ಫಲಾಫೆಲ್ ಇದ್ದೇ ಇದೆ.

ಕೆಲವು ಪದಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ‘ಶ್ವೈನ್’ ಎಂದರೆ ಹಂದಿ, ‘ಶಿಂಕನ್’ ಮತ್ತು ‘ಶ್ಪೆಕ್’ ಸಾಮಾನ್ಯವಾಗಿ ಅದರದೇ ಮಾಂಸ, ‘ಶ್ಮಾಲ್ಟ್ಸ್’ ಹೆಚ್ಚಾಗಿ ಅದರ ಕೊಬ್ಬು. ‘ವುರ್ಸ್ಟ್’ ಎಂದು ಬರೆದಿದ್ದರೆ ಬಹುತೇಕ ಹಂದಿಯದೇ ಸಾಸೇಜ್. ‘ರಿಂಡ್’ ದನ, ‘ಲಾಮ್’ ಕುರಿಮರಿ, ‘ಹೆನ್ಶನ್’ ಕೋಳಿ. ‘ಓನೆ’ ಎಂದರೆ ಇಲ್ಲದೆ. ‘ಓನೆ ಆಲ್ಕೊಹೋಲ್’ ಎಂದರೆ ಮದ್ಯವಿಲ್ಲದೆ.

ನಲ್ಲಿ ನೀರು ಕುಡಿಯಲು ಯೋಗ್ಯವಾಗಿದೆ, ಬಾಟಲಿ ತುಂಬಿಕೊಂಡೇ ಹೊರಡಲಿ. ಹೋಟೆಲಿನಲ್ಲಿ ನೀರಿಗೂ ಹಣ ಕೊಡಬೇಕಾಗುತ್ತದೆ. ಕೊಂಡ ಪ್ಲಾಸ್ಟಿಕ್ ಬಾಟಲಿಯನ್ನು ಎಸೆಯದೆ ಅಂಗಡಿಗೆ ಮರಳಿಸಿದರೆ 25 ಸೆಂಟ್ ವಾಪಸು ಬರುತ್ತದೆ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದಿರಬಹುದು, ಸ್ವಲ್ಪ ನಗದು ಇರಲಿ.

ಕೊನೆಯದಾಗಿ, ಎಷ್ಟೇ ಹೋಟೆಲುಗಳಿದ್ದರೂ ಮನೆಯಡುಗೆಯಷ್ಟು ಅಗ್ಗ ಯಾವುದೂ ಇಲ್ಲ. ಮಗಳಿಗೆ ಮಾತ್ರವಲ್ಲ, ಮಗನಿಗೂ ಹೊರಡುವ ಮುನ್ನ ಅನ್ನ, ಸಾರು, ಒಂದು ಕೋಳಿ ಪದಾರ್ಥ ಮಾಡಲು ಕಲಿಸಿಬಿಡಿ. ಪೆಟ್ಟಿಗೆಯ ತೂಕ ಹೆಚ್ಚಿಸದೆ ನೀವು ಕಳುಹಿಸಬಹುದಾದ ಬುತ್ತಿ ಅದು.