ಗಾಯ ಮಾಯಿತು, ನೋವು ಮಾಯಲಿಲ್ಲ

ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಎರಡು ವರ್ಷ. ವಿಕಿರಣ ಚಿಕಿತ್ಸೆಯೂ ಮುಗಿದಿದೆ. ಆರು ತಿಂಗಳಿಗೊಮ್ಮೆ ತೋರಿಸಲು ಹೋದಾಗ ಡಾಕ್ಟರು ‘ಎಲ್ಲ ಸರಿಯಿದೆ’ ಎಂದು ಕಳಿಸುತ್ತಾರೆ. ಮನೆಯವರಿಗೆ ಸಮಾಧಾನ. ಆಕೆಗೆ ಮಾತ್ರ ರವಿಕೆಯ ತೋಳು ಏರಿಸುವಾಗ ಕಂಕುಳಲ್ಲಿ ಬೆಂಕಿ ತಾಗಿದಂತಾಗುತ್ತದೆ. ನಾಗಂದಿಗೆಯಿಂದ ಡಬ್ಬಿ ತೆಗೆಯಲು ಕೈ ಎತ್ತಿದರೆ ತೋಳಿನ ಒಳಬದಿಯಲ್ಲಿ ಕರೆಂಟು ಹೊಡೆದ ಹಾಗೆ. ಹೇಳಿಕೊಂಡರೆ ‘ಜೀವ ಉಳಿಯಿತಲ್ಲ, ಅದೇ ದೊಡ್ಡದು’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಕ್ರಮೇಣ ಆಕೆ ಹೇಳುವುದನ್ನೇ ಬಿಡುತ್ತಾಳೆ.

ಹೀಗೆ ಸುಮ್ಮನಿರುವವರು ಒಬ್ಬಿಬ್ಬರಲ್ಲ. ಡೆನ್ಮಾರ್ಕ್ ದೇಶದಲ್ಲಿ ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದ 3,253 ಮಹಿಳೆಯರನ್ನು ಎರಡು ಮೂರು ವರ್ಷಗಳ ತರುವಾಯ ವಿಚಾರಿಸಿದಾಗ ಶೇ 47ರಷ್ಟು ಮಂದಿಗೆ ಇನ್ನೂ ನೋವಿತ್ತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. 40 ದಾಟದವರಲ್ಲಿ, ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಮತ್ತು ಕಂಕುಳಿನ ದುಗ್ಧಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಈ ತೊಂದರೆ ಹೆಚ್ಚು.

ಕಂಕುಳಿಗೂ ಇದಕ್ಕೂ ಏನು ಸಂಬಂಧ? ಪಕ್ಕೆಲುಬುಗಳ ನಡುವಿನಿಂದ ಹೊರಟ ಸಣ್ಣ ನರವೊಂದು ಕಂಕುಳನ್ನು ಹಾದು ತೋಳಿನ ಒಳಬದಿಯ ಚರ್ಮಕ್ಕೆ ಹೋಗುತ್ತದೆ. ಗ್ರಂಥಿಗಳನ್ನು ತೆಗೆಯುವಾಗ ಅದು ಜಗ್ಗಬಹುದು, ಕೆಲವೊಮ್ಮೆ ಕತ್ತರಿಸಿಯೂ ಹೋಗಬಹುದು. ಪೆಟ್ಟು ತಿಂದ ನರ ತೆಪ್ಪಗಿರುವುದಿಲ್ಲ. ಮೇಲಿನ ಗಾಯ ಮಾಯಿದ ಮೇಲೂ ಮಿದುಳಿಗೆ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಹಾಗಾಗಿಯೇ ಚರ್ಮ ಮುಟ್ಟಿದರೆ ಮರಗಟ್ಟಿದಂತಿದ್ದರೂ ಒಳಗೆ ಉರಿ. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ಕೆಲವರಿಗೆ ತೆಗೆದುಹಾಕಿದ ಸ್ತನವೇ ನೋಯುತ್ತದೆ. ಇಲ್ಲದ ಅಂಗ ನೋಯುತ್ತದೆಂದರೆ ಜನ ನಕ್ಕಾರು ಎಂದು ಅವರು ಬಾಯಿ ಬಿಡುವುದಿಲ್ಲ. ವೈದ್ಯರಿಗೆ ಇದು ಹೊಸದೇನೂ ಅಲ್ಲ.

ನರದ ನೋವಿಗೆ ತಲೆನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಡಾಕ್ಟರು ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಬಹುದು. ಮೊದಲನೆಯದು ಖಿನ್ನತೆಗೆ, ಎರಡನೆಯದು ಮೂರ್ಛೆರೋಗಕ್ಕೆಂದು ಬಂದ ಔಷಧಿ. ಔಷಧಿ ಅಂಗಡಿಯಲ್ಲಿ ಇದನ್ನು ಕೇಳಿ, ‘ನನಗೆ ತಲೆ ಕೆಟ್ಟಿದೆ ಅಂದುಕೊಂಡರೇ?’ ಎಂದು ನೊಂದು ಚೀಟಿ ಹರಿದುಹಾಕುವವರುಂಟು. ಹಾಗಲ್ಲ, ಕೆರಳಿದ ನರವನ್ನು ಶಾಂತಗೊಳಿಸುವ ಗುಣ ಇವಕ್ಕಿದೆ. ಮೊದಮೊದಲು ತೂಕಡಿಕೆ ಬರುವುದುಂಟು. ಟಮಾಕ್ಸಿಫೆನ್ ನುಂಗುತ್ತಿರುವವರು ಅದನ್ನು ಮರೆಯದೆ ತಿಳಿಸಬೇಕು. ಖಿನ್ನತೆಯ ಕೆಲವು ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡಬರುತ್ತವೆ.

ನೋವಿಗೆ ಹೆದರಿ ಕೈಯನ್ನು ಮೈಗೆ ಅಂಟಿಸಿಕೊಂಡೇ ಕೂತರೆ ಭುಜ ಬಿಗಿದುಕೊಂಡು ಇನ್ನೊಂದು ನೋವು ಸೇರಿಕೊಳ್ಳುತ್ತದೆ. ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆಯಂತೆ ನಿಧಾನ ಮೇಲಕ್ಕೆ ಹತ್ತಿಸುವ ವ್ಯಾಯಾಮಕ್ಕೆ ಖರ್ಚಿಲ್ಲ. ಎಷ್ಟೆತ್ತರ, ಎಷ್ಟು ಸಲ ಎಂಬುದನ್ನು ಫಿಸಿಯೋಥೆರಪಿಸ್ಟರಿಂದ ಕೇಳಿ ತಿಳಿದರಾಯಿತು.

ಎಲ್ಲ ನೋವನ್ನೂ ನರದ ತಲೆಗೆ ಕಟ್ಟುವಂತೆಯೂ ಇಲ್ಲ. ಹೊಸದಾಗಿ ಹುಟ್ಟಿ ವಾರದಿಂದ ವಾರಕ್ಕೆ ಏರುವ ನೋವು, ರಾತ್ರಿ ನಿದ್ದೆ ಕೆಡಿಸುವ ಬೆನ್ನುಮೂಳೆಯ ನೋವು, ಕೈ ಊದಿ ಕೆಂಪಾಗಿ ಜ್ವರ ಬರುವುದು - ಇವಕ್ಕೆ ಮುಂದಿನ ತಪಾಸಣೆಯ ದಿನದವರೆಗೆ ಕಾಯಬಾರದು.

ಉಳಿದಂತೆ, ‘ಸ್ವಲ್ಪ ನೋವಿದೆ’ ಎಂದಷ್ಟೇ ಹೇಳಿದರೆ ಗಿಜಿಗುಡುವ ಆಸ್ಪತ್ರೆಯಲ್ಲಿ ಅದು ಡಾಕ್ಟರ ಕಿವಿಗೆ ಬೀಳುವುದೇ ಇಲ್ಲ. ಎಲ್ಲಿ, ಯಾವಾಗ, ಚುಚ್ಚುವುದೋ ಉರಿಯುವುದೋ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಂಡು ಹೋಗಬಹುದು. ‘ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲು ಆಗುತ್ತಿಲ್ಲ’ ಎಂದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಜೊತೆಗೆ ಹೋದ ಗಂಡ ಆಗ ‘ಈಗ ಪರವಾಗಿಲ್ಲ ಡಾಕ್ಟ್ರೇ’ ಎಂದು ನಡುವೆ ಬಾಯಿ ಹಾಕದಿದ್ದರೆ ಸಾಕು.